ಅರವತ್ತು ಸುತ್ತು

ನಾನು ಹಿಂದಿನ ಸಾಲಿನವನು, ತಾಳವಾದ್ಯದವನು.
ಪಿಟೀಲುಗಳು ಮೈಮರೆತಾಗ
ಎಚ್ಚರವಿದ್ದು ಎಣಿಸುವುದು ನನ್ನ ಕಸುಬು:
ನೂರಾ ಹನ್ನೆರಡು ಆವರ್ತ ಸುಮ್ಮನಿದ್ದು
ಒಂದು ಗಂಟೆ ಬಾರಿಸಿ ಸಂಬಳ ತೆಗೆದುಕೊಳ್ಳುವುದು.

ಲೈನೆ ಕಿವಿಸಿಲ್ಡ್ ಅವರ ಮೂರನೆಯ ಸಿಂಫನಿ.
ತಾರ್ತುವಿನಲ್ಲಿ ತಾಲೀಮು.
ಹೊರಗೆ ಮಾರ್ಚಿಯ ಹಿಮ ಕೆಸರಾಗಿತ್ತು,
ಒಳಗೆ ಒದ್ದೆ ಉಣ್ಣೆಯ ಕಮಟು.
ನನ್ನ ಹಾಳೆಯಲ್ಲೊಂದು ವಿಚಿತ್ರ:
ಗಂಟೆ ಒಂದೇ, ಬಾರಿಸುವವರು ಇಬ್ಬರು.
ಆವರ್ತದ ನಟ್ಟನಡುವೆ ಪೆನ್ಸಿಲಿನಲ್ಲಿ ಬರೆದಿತ್ತು:
«ಇಲ್ಲಿ ಕೈ ಬದಲು.»
ದಣಿಯುವಂಥ ಕೆಲಸವೇನಲ್ಲ ಅದು.
ಸುತ್ತಿಗೆಯ ತೂಕ ಒಂದು ಗುಬ್ಬಿಯಷ್ಟೂ ಇಲ್ಲ.

ನಾನು ತಂದಿದ್ದು ಒಳ್ಳೆಯ ಗಂಟೆ, ಕಂಚಿನದು,
ಬಾರಿಸಿದರೆ ಚರ್ಚಿನ ಗೋಪುರ ಕಣ್ಣಿಗೆ ಕಟ್ಟಬೇಕು.
ಎಪ್ಪತ್ತೆಂಟರ ಆಕೆ ತಲೆಯಾಡಿಸಿದರು.
«ದೇವರಿಗೆ ಮುಟ್ಟುವಂಥ ದನಿ ಬೇಡ,
ಅಡುಗೆಮನೆಗೆ ಮುಟ್ಟಿದರೆ ಸಾಕು.»
ಕೈಚೀಲದ ತಳದಿಂದ, ಮಾತ್ರೆಗಳ ಅಡಿಯಿಂದ
ತೆಗೆದುಕೊಟ್ಟರು ತುಕ್ಕಿನ ಪುಟ್ಟ ಬಟ್ಟಲೊಂದನ್ನು.
«ವಲ್ಗಾದ ಸಂತೆಯಲ್ಲಿ ಎರಡು ಯೂರೋ.
ನಮ್ಮದಲ್ಲ. ನಮ್ಮದು ಎಲ್ಲಿ ಹೋಯಿತೋ.»

ಕಾಫಿಯ ಬಿಡುವಿನಲ್ಲಿ ಹೇಳಿದರು.
ಹಾಲಿನಿಂದ ಕೆನೆ ಬಿಡಿಸುವ ಯಂತ್ರ,
ಅದರ ಹಿಡಿಕೆಯಲ್ಲೊಂದು ಗಂಟೆ.
ಸುತ್ತಿಗೊಮ್ಮೆ ಕಿಣ್, ಸುತ್ತಿಗೊಮ್ಮೆ ಕಿಣ್,
ನಿಮಿಷಕ್ಕೆ ಅರವತ್ತು ಮುಟ್ಟುವ ತನಕ
ಅತ್ತೆಯ ಹಾಗೆ ಗೊಣಗುತ್ತಲೇ ಇರುತ್ತದೆ.
ಮುಟ್ಟಿತೋ, ಗಪ್‌ಚಿಪ್.
ಆಮೇಲೆ ಒಂದು ಮೂತಿಯಲ್ಲಿ ಹಾಲು, ಇನ್ನೊಂದರಲ್ಲಿ ಕೆನೆ.
«ಗಂಟೆ ಕೇಳಿಸ್ತಿದೆ, ಲೈನೆ!»
ಅಂತ ಒಳಗಿಂದ ಅಮ್ಮ ಕೂಗಿದರೆ
ಸೋಮಾರಿ ಅಂತ ಅರ್ಥ.

ನಲವತ್ತೊಂಬತ್ತರ ಮಾರ್ಚಿ. ಹನ್ನೆರಡು ವರ್ಷ ನನಗೆ.
ಹಿಡಿಕೆ ನನ್ನ ಕೈಯಲ್ಲಿತ್ತು, ಗಂಟೆ ಸುಮ್ಮನಿತ್ತು.
ಲಾರಿ ಬಂತು.
ಹೆಸರು ಓದಿದವನು ನಮ್ಮ ಊರಿನ ಗುಮಾಸ್ತನೇ,
ನಮ್ಮ ಭಾಷೆಯಲ್ಲೇ ಓದಿದ,
ಅಜ್ಜಿಯ ಹೆಸರನ್ನು ಸರಿಯಾಗಿ ಉಚ್ಚರಿಸಿದ.
ಒಂದು ಗಂಟೆಯ ಗಡುವು.
ಅಮ್ಮ ಗಂಟು ಕಟ್ಟುತ್ತಾ ಹೇಳಿದಳು: ನಿಲ್ಲಿಸಬೇಡ, ಹಾಲು ಕೆಡುತ್ತೆ.
ತಿರುಗಿಸಿದೆ. ಕೈ ಸೋತಿತು.
ಕಿಣ್.
ಅಷ್ಟು ಜನರಿದ್ದ ಕೋಣೆಯಲ್ಲಿ ನಾನೇ ತಪ್ಪಿತಸ್ಥಳ ಹಾಗೆ,
ಕಿಣ್.

ಆಗ ಬಾಗಿಲಲ್ಲಿದ್ದ ಸಿಪಾಯಿ,
ಮೀಸೆ ಮೂಡದ ಹುಡುಗ, ಎಲ್ಲಿಯವನೋ,
ಬಂದೂಕನ್ನು ಗೋಡೆಗೊರಗಿಸಿ
ನನ್ನ ಬೆರಳು ಬಿಡಿಸಿ
ಹಿಡಿಕೆ ತಗೊಂಡ.
ಮೂರೇ ಸುತ್ತು. ಗಂಟೆ ಸುಮ್ಮನಾಯಿತು.
ಅವನಿಗೆ ಗೊತ್ತಿತ್ತು, ಅರವತ್ತು.
ಯಾವ ಊರಿನ ಯಾವ ತಾಯಿ ಕಲಿಸಿದ್ದಳೋ.
ಕೊನೆಯ ಹನಿಯವರೆಗೂ ತಿರುಗಿಸಿದ,
ಬಂದೂಕು ತಗೊಂಡ,
ನಮ್ಮನ್ನು ಲಾರಿ ಹತ್ತಿಸಿದ.
ಕೆನೆಗೆ ಅಮ್ಮ ಮುಚ್ಚಳ ಹಾಕಿದಳು, ಬೆಕ್ಕು ಬಾಯಿಡದಂತೆ.

ಹದಿನೈದು ದಿನ ರೈಲು, ಎಂಟು ವರ್ಷ ಸೈಬೀರಿಯ.
ಅದಕ್ಕೆಲ್ಲ ಆಕೆ ಸ್ವರ ಬರೆದಿಲ್ಲ.
«ಅವನನ್ನು ಕ್ಷಮಿಸಿದಿರಾ?» ಅಂದೆ.
«ಕಾಫಿ ಆರಿತು ನೋಡು» ಅಂದರು.

ಪತ್ರಿಕೆಗಳು ಬರೆದವು: ಸ್ವಾತಂತ್ರ್ಯದ ಗಂಟೆ,
ರಾಷ್ಟ್ರದ ಆತ್ಮದ ಕರೆ.
ಆಕೆ ತಿದ್ದಲು ಹೋಗಲಿಲ್ಲ.

ಆ ಸಂಜೆ, ಕೈ ಬದಲಾದ ಮೇಲೆ,
ಬಟ್ಟಲನ್ನು ಅಂಗೈಯಲ್ಲಿ ಅಮುಕಿ ಹಿಡಿದು
ನಾನು ಸಭೆಯ ಕಡೆ ನೋಡಿದೆ.
ಮೂರನೆಯ ಸಾಲಿನಲ್ಲೊಬ್ಬ ಅಜ್ಜಿ,
ಅವಳ ಬಲಮುಷ್ಟಿ ಮಡಿಲ ಮೇಲೆ ಸಣ್ಣಗೆ ಸುತ್ತುತ್ತಿತ್ತು.
ಕಂಬದ ಪಕ್ಕ ಇನ್ನೊಬ್ಬಳು. ಬಾಲ್ಕನಿಯಲ್ಲಿ ನಾಲ್ವರು.
ನಡುವೆ ಕೂತ ಮೊಮ್ಮಕ್ಕಳು
ಕಾರ್ಯಕ್ರಮದ ಹಾಳೆ ಓದುತ್ತಿದ್ದರು.
ನಾನು ಎಣಿಸಿದೆ, ಅದೇ ನನ್ನ ಕಸುಬು.
ಒಂದು ಕೈಯೂ
ಗಂಟೆ ಮತ್ತೆ ಕೇಳಿಸುವಷ್ಟು ನಿಧಾನವಾಗಲಿಲ್ಲ.